ಬಾಡುವಾಗ ನೀಲಿ ತಿರುಗುವ ಗುಲಾಬಿ

ನಮ್ಮ ಹೊಸೂರು ಕಡೆ ಗುಲಾಬಿಗೆ ಬರವಿಲ್ಲ. ಬಾಗಲೂರು, ತಳಿ ಕಡೆ ಹೋದರೆ ಪಾಲಿಹೌಸ್‌ಗಳೇ ಪಾಲಿಹೌಸ್‌ಗಳು. ಅಲ್ಲಿಂದ ಬಂದ ಕೆಂಪು ಗುಲಾಬಿಯೊಂದನ್ನು ಲೋಟದ ನೀರಿನಲ್ಲಿ ಸುಮ್ನೆ ಬಿಟ್ಟು ನೋಡಿ. ಬಾಡುತ್ತಾ ಬಂದ ಹಾಗೆ ಎಸಳಿನ ಅಂಚು ನೇರಳೆಗೆ ತಿರುಗುತ್ತದೆ. ಮಾರುವವರಿಗೆ ಅದು ನಷ್ಟ. ನನಗೆ ಮಾತ್ರ ಆ ಬಣ್ಣ ಕಂಡಾಗಲೆಲ್ಲ ಫೈಲ್ಶೆನ್‌ಬ್ಲಾವ್ ನೆನಪಾಗುತ್ತದೆ.

ಅದೊಂದು ಬಳ್ಳಿ ಗುಲಾಬಿ. ಜರ್ಮನಿಯ ಎರ್ಫರ್ಟ್‌ನ ಜೆ. ಸಿ. ಸ್ಮಿಟ್ ನರ್ಸರಿ 1909ರಲ್ಲಿ ಹೊರತಂದ ತಳಿ. ಹೆಸರಿನ ಅರ್ಥ ವಯಲೆಟ್ ಹೂವಿನ ನೀಲಿ ಅಂತ. 12 ಅಡಿಗೂ ಮೇಲೆ ಹಬ್ಬುತ್ತದೆ, ಮುಳ್ಳು ತೀರಾ ಕಡಿಮೆ. ಪುಟ್ಟ ಹೂಗಳು ದೊಡ್ಡ ಗೊಂಚಲುಗಳಲ್ಲಿ ಬಿಡುತ್ತವೆ. ಅರಳುವಾಗ ಕೆಂಪು ಬೆರೆತ ನೇರಳೆ, ನಡುವೆ ಬಿಳಿ. ದಿನ ಕಳೆದಂತೆ ಕೆಂಪು ಜಾರಿ, ಬೂದಿ ಬೆರೆತ ನೀಲಿ ಉಳಿಯುತ್ತದೆ. ಒಂದೇ ಗೊಂಚಲಿನಲ್ಲಿ ಎಷ್ಟೊಂದು ಬಣ್ಣ!

ಆದರೆ ಗುಲಾಬಿಯಲ್ಲಿ ನೀಲಿ ಬಣ್ಣವೇ ಇಲ್ಲ ಅಲ್ವಾ? ಹೌದು. ಬೇಲಿಯ ಶಂಖಪುಷ್ಪಕ್ಕೆ ನೀಲಿ ಕೊಡುವುದು ಡೆಲ್ಫಿನಿಡಿನ್ ಗುಂಪಿನ ಬಣ್ಣ. ಅದನ್ನು ತಯಾರಿಸಲು ಬೇಕಾದ ಕಿಣ್ವ ಗುಲಾಬಿಗಿಲ್ಲ. ಅದರ ಬಳಿ ಮುಖ್ಯವಾಗಿ ಇರುವುದು ಕೆಂಪಿನ ಸಯಾನಿಡಿನ್. ಈ ಸಯಾನಿಡಿನ್ ಒಂದೇ ಬಣ್ಣಕ್ಕೆ ಅಂಟಿಕೊಂಡು ಕೂರುವುದಿಲ್ಲ. ಸುತ್ತಲಿನ ರಸ ಹುಳಿಯಾಗಿದ್ದರೆ ಕೆಂಪು, ಹುಳಿ ತಗ್ಗಿದರೆ ನೇರಳೆ. ಬಣ್ಣವಿಲ್ಲದ ಬೇರೆ ಕೆಲವು ಪದಾರ್ಥಗಳು ಜೊತೆಗೂಡಿದರೂ ನೀಲಿಯ ಕಡೆ ವಾಲುತ್ತದೆ. ಎಸಳಿಗೆ ವಯಸ್ಸಾದಾಗ ಅದರೊಳಗಿನ ಪ್ರೋಟೀನ್ ಒಡೆಯುತ್ತದೆ, ಅಮೋನಿಯಾ ಹುಟ್ಟುತ್ತದೆ, ಹುಳಿ ಇಳಿಯುತ್ತದೆ. ಲೋಟದ ಕೆಂಪು ಗುಲಾಬಿ ನೇರಳೆಯಾಗುವುದು ಹೀಗೆ. ಶಂಖಪುಷ್ಪ ಕುದಿಸಿದ ನೀಲಿ ನೀರಿಗೆ ನಿಂಬೆಹಣ್ಣು ಹಿಂಡಿ, ಕಣ್ಣೆದುರೇ ನೇರಳೆಯಾಗುತ್ತದೆ. ಅಲ್ಲಿ ಹುಳಿ ಏರಿತು, ಇಲ್ಲಿ ಇಳಿಯಿತು, ಅಷ್ಟೇ.

ಜಪಾನಿನ ಸಂಟೋರಿ ಕಂಪನಿ ಪ್ಯಾನ್ಸಿ ಹೂವಿನ ಜೀನ್ ಸೇರಿಸಿ ಗುಲಾಬಿಯಲ್ಲಿ ಡೆಲ್ಫಿನಿಡಿನ್ ಬರಿಸಿತು. 2009ರಲ್ಲಿ ಹೂ ಮಾರಾಟಕ್ಕೂ ಬಂತು. ಆದರೂ ಅದು ತಿಳಿ ನೇರಳೆಯೇ. ಗುಲಾಬಿಯ ರಸದ ಹುಳಿ ಅಲ್ಲೂ ಅಡ್ಡ ಬಂದಿತ್ತು. ನನ್ನನ್ನು ಕೇಳಿದರೆ, ನೂರು ವರ್ಷ ಹಳೆಯ ಫೈಲ್ಶೆನ್‌ಬ್ಲಾವ್‌ನ ಮಾಸಿದ ನೀಲಿಯೇ ಹೆಚ್ಚು ಚೆಂದ.

ಚಳಿ ದೇಶದ ಗಿಡ ಇದು. ಮಧ್ಯಾಹ್ನ ನೆರಳು ಬೀಳುವ ಗೋಡೆಗೆ ಹಬ್ಬಿಸಿದರೆ ಬಣ್ಣ ಜಾಸ್ತಿ ದಿನ ನಿಲ್ಲುತ್ತದೆ. ಹೂ ಬಿಡುವುದು ವರ್ಷಕ್ಕೊಮ್ಮೆ, ಅದೂ ಹಿಂದಿನ ವರ್ಷ ಬೆಳೆದ ಕಡ್ಡಿಗಳಲ್ಲಿ. ಹಾಗಾಗಿ ಕತ್ತರಿ ಹಾಕುವುದಿದ್ದರೆ ಹೂ ಮುಗಿದ ಮೇಲೆಯೇ ಹಾಕಿ.