300 ಜಿಎಸ್‌ಎಂ ಅಂದರೆ ಸಾಲದು

ಸರಕು ತುಂಬಲು ರಟ್ಟಿನ ಡಬ್ಬಿ ಮಾಡಿಸಲು ಬಂದವರು ಮೊದಲು ಹೇಳುವುದೇ "300 ಜಿಎಸ್‌ಎಂ ಹಾಕಿ, ಗಟ್ಟಿ ಬರಲಿ" ಎಂದು. ಯಾವ ಬೋರ್ಡು, ಅಂದರೆ ಯಾವ ಬಗೆಯ ರಟ್ಟು ಎಂದು ಕೇಳಿದರೆ ಮತ್ತೆ 300 ಎಂದೇ ಉತ್ತರ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಹಾಳೆಯ ತೂಕ, ಅಷ್ಟೇ. ದಪ್ಪ ಎಷ್ಟು, ಡಬ್ಬಿ ಬಿಗಿಯಾಗಿ ನಿಲ್ಲುತ್ತದೆಯೇ ಎಂಬುದು ಅದರಲ್ಲಿ ಇಲ್ಲ.

ಅದೇ 300ರಲ್ಲಿ ನುಣುಪು ಕೋಟಿಂಗಿನ ಆರ್ಟ್ ಕಾರ್ಡ್ 300 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಆಸುಪಾಸು, ಹಿಂಬದಿ ಬೂದುಬಣ್ಣದ ಗ್ರೇ ಬ್ಯಾಕ್ ಡ್ಯೂಪ್ಲೆಕ್ಸ್ 380ರ ಹತ್ತಿರ, ಎಫ್‌ಬಿಬಿ ಎಂಬ ಫೋಲ್ಡಿಂಗ್ ಬಾಕ್ಸ್ ಬೋರ್ಡ್ 450 ದಾಟುತ್ತದೆ. ಮಿಲ್ಲಿನಿಂದ ಮಿಲ್ಲಿಗೆ ಹೆಚ್ಚುಕಮ್ಮಿ ಇದ್ದೇ ಇರುತ್ತದೆ, ಶೀಟು ತರಿಸಿ ಮೈಕ್ರೋಮೀಟರ್ ಹಿಡಿದು ನೋಡಿ. ಆರ್ಟ್ ಕಾರ್ಡಿನ ತೂಕದಲ್ಲಿ ಒಂದು ಪಾಲು ಮೇಲಿನ ಕೋಟಿಂಗಿನದು. ಎಫ್‌ಬಿಬಿಯ ನಡುಪದರ ಹಗುರವಾದ ಮರದ ತಿರುಳು, ಅದಕ್ಕೇ ಉಬ್ಬಿ ದಪ್ಪ ಕೊಡುತ್ತದೆ. ಒಂದೇ ಬಗೆಯ ಬೋರ್ಡಿನಲ್ಲಿ ದಪ್ಪ ಹತ್ತು ಪರ್ಸೆಂಟ್ ಏರಿದರೆ ಬಿಗುವು, ಅಂದರೆ ಬಾಗದೆ ನಿಲ್ಲುವ ಗಟ್ಟಿತನ, ಮೂರನೇ ಒಂದು ಪಾಲಿನಷ್ಟು ಏರುತ್ತದೆ.

ದುಡ್ಡು ಹೋಗುವುದೂ ಇಲ್ಲೇ. ಬೋರ್ಡು ಮಾರುವುದು ಕೆಜಿ ಲೆಕ್ಕದಲ್ಲಿ. 330ರ ಡ್ಯೂಪ್ಲೆಕ್ಸ್ ಕೊಡುವ ದಪ್ಪವನ್ನು 270ರ ಎಫ್‌ಬಿಬಿಯೇ ಕೊಡಬಹುದು, ಶೀಟಿನ ತೂಕ ನೂರಕ್ಕೆ ಹದಿನೆಂಟರಷ್ಟು ಇಳಿಯುತ್ತದೆ. ಎಫ್‌ಬಿಬಿಯ ಕೆಜಿ ದರ ಜಾಸ್ತಿ, ನಿಜ. ಆದರೆ ಡಬ್ಬಿಯೊಂದಕ್ಕೆ ಎಷ್ಟು ಬೀಳುತ್ತದೆ ಎಂದು ಕೂಡಿಸಿ ನೋಡುವವರೇ ಇಲ್ಲ. ಉಪ್ಪಿನಕಾಯಿ, ಚಟ್ನಿಪುಡಿ ಮಾಡಿ ಮಾರುವ ಸ್ವಸಹಾಯ ಸಂಘದ ಹೆಣ್ಣುಮಕ್ಕಳೂ ಇದರಲ್ಲಿ ಕೈಸುಟ್ಟುಕೊಳ್ಳುವುದು ನೋಡಿದರೆ ಸಂಕಟವಾಗುತ್ತದೆ.

ತೂಕ ಸರಿಯಿದೆಯೇ ತಿಳಿಯಲು ಹತ್ತು ಸೆಂಟಿಮೀಟರ್ ಚೌಕ ಕತ್ತರಿಸಿ ಚಿನ್ನದಂಗಡಿಯ ತಕ್ಕಡಿಯಲ್ಲಿಡಿ. ಮೂರು ಗ್ರಾಂ ಬಂದರೆ 300. ಮಳೆಗಾಲದಲ್ಲಿ ಬೋರ್ಡು ತೇವ ಹೀರಿ ತೂಕ ಹೆಚ್ಚು ತೋರಿಸುತ್ತದೆ, ಬಿಗುವು ಮಾತ್ರ ಇಳಿದಿರುತ್ತದೆ.

ಇನ್ನು ಗ್ರೇನ್, ಅಂದರೆ ಬೋರ್ಡಿನ ನಾರುಗಳು ಮಲಗಿರುವ ದಿಕ್ಕು. ನಾರುಗಳು ಬೋರ್ಡು ತಯಾರಿಸುವ ಮಶೀನ್ ಓಡುವ ದಿಕ್ಕಿಗೆ ಮಲಗುತ್ತವೆ, ಆ ದಿಕ್ಕಿನ ಬಿಗುವು ಅಡ್ಡದ್ದಕ್ಕಿಂತ ಸುಮಾರು ಎರಡು ಪಟ್ಟು. ನಿಲ್ಲಿಸಿಡುವ ಡಬ್ಬಿಯಲ್ಲಿ ಗ್ರೇನ್ ನಾಲ್ಕೂ ಮುಖಗಳನ್ನು ಸುತ್ತಬೇಕು, ಅಂದರೆ ಎತ್ತರದ ಮಡಿಕೆಗಳಿಗೆ ಅಡ್ಡವಾಗಿರಬೇಕು. ಶೀಟಿನಲ್ಲಿ ಇನ್ನೊಂದು ಡಬ್ಬಿ ಕೂರಲಿ ಎಂದು ಲೇಔಟ್ ತಿರುಗಿಸಿದರೆ ಸರಕು ತುಂಬಿದ ಮೇಲೆ ಮುಖ ಉಬ್ಬುತ್ತದೆ. ಆಗ ಬೋರ್ಡನ್ನು ಬೈದು 350 ಕೇಳುತ್ತಾರೆ! ಶೀಟಿನ ಉದ್ದಕ್ಕೊಂದು, ಅಗಲಕ್ಕೊಂದು ಒಂದೇ ಅಳತೆಯ ಪಟ್ಟಿ ಕತ್ತರಿಸಿ, ಒಂದು ತುದಿ ಹಿಡಿದು ಅಡ್ಡಲಾಗಿ ಚಾಚಿ. ಹೆಚ್ಚು ಬಾಗಿದ್ದು ಗ್ರೇನಿಗೆ ಅಡ್ಡ ಕತ್ತರಿಸಿದ್ದು. ಅಗರಬತ್ತಿಯಂಥ ಉದ್ದನೆಯ ಸಣ್ಣ ಡಬ್ಬಿಗೆ ಲೆಕ್ಕ ಬೇರೆಯಾಗಬಹುದು, ಎರಡೂ ದಿಕ್ಕಿನಲ್ಲಿ ಸ್ಯಾಂಪಲ್ ಮಡಿಚಿಯೇ ತೀರ್ಮಾನಿಸಿ.

ಸಿಹಿತಿಂಡಿಯವರಿಗೆ ಒಂದು ಮಾತು. ಗ್ರೇ ಬ್ಯಾಕಿನ ಬೂದುಬಣ್ಣ ಹಳೇ ಅಚ್ಚುಕಾಗದದ್ದು, ಶಾಯಿಯ ಅಂಶ ಅದರಲ್ಲಿ ಉಳಿದಿರಬಹುದು. ತಿಂಡಿ ಅದಕ್ಕೆ ನೇರವಾಗಿ ತಾಗಬಾರದು. ಒಳಗೆ ಲ್ಯಾಮಿನೇಶನ್ ಮಾಡಿಸಿದರೂ ಕತ್ತರಿಸಿದ ಅಂಚು ಬರಿದಾಗಿಯೇ ಇರುತ್ತದೆ. ಮೈಸೂರು ಪಾಕಿನ ತುಪ್ಪ ಅಲ್ಲಿಂದಲೇ ಒಳಗಿಳಿದು ಮಡಿಕೆಯ ಮೂಲೆಯಲ್ಲಿ ಕಲೆ ಮೂಡಿಸುತ್ತದೆ. ಆದ್ದರಿಂದ ಬಟರ್ ಪೇಪರ್ ತಳಕ್ಕೆ ಮಾತ್ರ ಹಾಸದೆ, ನಾಲ್ಕೂ ಗೋಡೆಗೆ ಏರುವಷ್ಟು ದೊಡ್ಡದಾಗಿ ಕತ್ತರಿಸಿ ಹಾಕಿ.