ಹೊಸ ಪೋಪ್ ಇಷ್ಟ ಆಗಲೇಬೇಕಾ, ಫಾದರ್?

ಹೊಸ ಪೋಪ್, 14ನೇ ಲಿಯೋ, ಬಂದು ತಿಂಗಳುಗಳೇ ಕಳೆದವು. ಆದರೂ ಭಾನುವಾರ ಪೂಜೆ ಮುಗಿಸಿ ಹೊರಗೆ ಬಂದರೆ ಒಬ್ಬರಲ್ಲ ಒಬ್ಬರು ಕೇಳುತ್ತಾರೆ, "ಫಾದರ್, ಇವರೂ ಫ್ರಾನ್ಸಿಸ್ ಥರಾನೇನಾ?" ಇನ್ನೊಬ್ಬರು ಅದನ್ನೇ ತಿರುಗಿಸಿ ಕೇಳುತ್ತಾರೆ, "ಫ್ರಾನ್ಸಿಸ್ ಥರ ಅಲ್ಲ ತಾನೆ?" ಒಬ್ಬರಿಗೆ ಹೌದು ಅನ್ನಿಸಿಕೊಳ್ಳಬೇಕು, ಇನ್ನೊಬ್ಬರಿಗೆ ಅಲ್ಲ ಅನ್ನಿಸಿಕೊಳ್ಳಬೇಕು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಪೂಜೆ ಕೇಳಿದವರು.

ನಾನು ಮಂಡ್ಯ ಕಡೆಯ ಒಂದು ಧರ್ಮಕೇಂದ್ರದ ಗುರು. ಚರ್ಚಿನ ಕಾನೂನು ಓದಿಕೊಂಡಿದ್ದೇನೆ ಅಂತ ಮೈಸೂರಿನಿಂದಲೂ ಜನ ಫೋನ್ ಮಾಡಿ ಇಂಥದ್ದನ್ನು ಕೇಳುತ್ತಾರೆ. ಎಲ್ಲರಿಗೂ ನಾನು ಮೊದಲು ಹೇಳುವುದು ಒಂದೇ ಮಾತು. ಪೋಪ್ ನಮಗೆ ಇಷ್ಟ ಆಗಲೇಬೇಕು ಅಂತ ಯಾವ ಕಾನೂನೂ ಇಲ್ಲ. ಅವರಿಗಾಗಿ ಪ್ರಾರ್ಥಿಸಬೇಕು, ಅವರು ಕಲಿಸುವುದನ್ನು ಗೌರವದಿಂದ ಕೇಳಬೇಕು. ಇಷ್ಟಾನಿಷ್ಟ ಬೇರೆ ಲೆಕ್ಕ. ಇದನ್ನು ಯಾರೂ ಬಿಡಿಸಿ ಹೇಳದೆ ಎಷ್ಟೋ ಒಳ್ಳೆಯ ಜನ ಸುಮ್ನೆ ನೊಂದುಕೊಳ್ಳುತ್ತಿದ್ದಾರೆ.

2025ರ ಏಪ್ರಿಲ್ 21ರಂದು, ಈಸ್ಟರ್ ಮಾರನೇ ದಿನ, ಪೋಪ್ ಫ್ರಾನ್ಸಿಸ್ ತೀರಿಕೊಂಡರು. ಹಿಂದಿನ ದಿನವಷ್ಟೇ ಬಾಲ್ಕನಿಗೆ ಬಂದು ಆಶೀರ್ವಾದ ಕೊಟ್ಟಿದ್ದರು. ಮೇ 8ಕ್ಕೆ ಹೊಸಬರ ಆಯ್ಕೆ ಆಯಿತು. ನಡುವೆ ಇದ್ದದ್ದು ಹದಿನೇಳು ದಿನ. ಹದಿಮೂರನೇ ವರ್ಷಕ್ಕೆ ಕಾಲಿಟ್ಟಿದ್ದ ಒಂದು ನಂಟು ಅಷ್ಟು ಬೇಗ ಹೊಸಬರ ಕಡೆ ಹೊರಳುತ್ತದಾ?

ಫ್ರಾನ್ಸಿಸ್ ತೀರಿಕೊಂಡ ಮೇಲಿನ ಮೊದಲ ಭಾನುವಾರ ಪೂಜೆ ಆದ ಮೇಲೆ ಒಬ್ಬ ಹಿರಿಯರು ಒಳಕೋಣೆಗೆ ಬಂದರು. ಸಕ್ಕರೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. "ಸ್ವಾಮಿಯೋರೆ, ಇವತ್ತು ಪೋಪ್ ಹೆಸರು ಹೇಳಲೇ ಇಲ್ವಲ್ಲ ನೀವು?" ಅಂದರು. ಅವರ ಕಿವಿ ಎಷ್ಟು ಚುರುಕು ನೋಡಿ! ಪ್ರತಿ ಪೂಜೆಯಲ್ಲೂ ರೊಟ್ಟಿ, ದ್ರಾಕ್ಷಾರಸದ ಮೇಲೆ ಹೇಳುವ ದೊಡ್ಡ ಪ್ರಾರ್ಥನೆಯಲ್ಲಿ ಪೋಪ್ ಹೆಸರು ಬರುತ್ತದೆ, ಹಿಂದೆಯೇ ನಮ್ಮ ಧರ್ಮಾಧ್ಯಕ್ಷರ, ಅಂದರೆ ಬಿಷಪ್ಪರ ಹೆಸರು. ಪೋಪ್ ಪೀಠ ಖಾಲಿ ಇದ್ದಾಗ ಮೊದಲನೆಯ ಹೆಸರನ್ನು ಬಿಟ್ಟು ಮುಂದೆ ಹೋಗುತ್ತೇವೆ. ಪೂಜೆಯ ಪುಸ್ತಕ ತೆಗೆದು ಆ ಪುಟ ತೋರಿಸಿದೆ. ಹೆಸರು ಬರುವ ಜಾಗದಲ್ಲಿ ಯಾರೋ ಹಿಂದಿನ ಗುರುಗಳು ಫ್ರಾನ್ಸಿಸ್ ಅಂತ ಬರೆದು ಅಂಟಿಸಿದ್ದ ಚೀಟಿ ಇನ್ನೂ ಇತ್ತು. ಅದರ ಅಡಿಯಲ್ಲಿ ಇನ್ನೊಂದು ಹಳೇ ಚೀಟಿಯ ಅಂಚು ಕಾಣುತ್ತಿತ್ತು, ಫ್ರಾನ್ಸಿಸ್‌ಗಿಂತ ಮೊದಲಿನ ಪೋಪ್ ಬೆನೆಡಿಕ್ಟ್ ಅವರದ್ದು. ಹಿರಿಯರು ಬೆರಳಿನಿಂದ ಆ ಅಂಚನ್ನು ಸವರಿದರು. "ಹಂಗಾದ್ರೆ ಈಗ ನಾವು ಅಪ್ಪ ಇಲ್ಲದ ಮಕ್ಕಳು ಅನ್ನಿ" ಅಂದರು.

ಅವರಿಗೆ ನಾನು ಸಮಾಧಾನ ಹೇಳಲು ಹೋಗಲಿಲ್ಲ. ಅಳುವವರಿಗೆ ಅಳಲು ಬಿಡಬೇಕು. ಚರ್ಚಿನ ಪದ್ಧತಿಯೂ ಅದೇ. ಪೋಪ್ ತೀರಿಕೊಂಡರೆ ಒಂಬತ್ತು ದಿನ ಅವರಿಗಾಗಿ ಪೂಜೆ ನಡೆಯುತ್ತದೆ. ಅದು ಮುಗಿದ ಮೇಲೆಯೇ ಆಯ್ಕೆಗೆ ಬೀಗ ಹಾಕಿಕೊಂಡು ಕೂರುವುದು.

ಆಯ್ಕೆಯ ವಿವರ ನೀವೆಲ್ಲ ಓದಿದ್ದೀರಿ. ಪೋಪ್ ಅವರನ್ನು ಆರಿಸುವ ಹಿರಿಯ ಧರ್ಮಗುರುಗಳೇ ಕಾರ್ಡಿನಲ್‌ಗಳು; ಎಂಬತ್ತು ವರ್ಷ ದಾಟದ ಅಂಥವರು 133 ಮಂದಿ, ಮೂರರಲ್ಲಿ ಎರಡು ಪಾಲು ಅಂದರೆ 89 ಮತ ಬೇಕು, ಎರಡನೇ ದಿನ ನಾಲ್ಕನೇ ಸುತ್ತಿನಲ್ಲಿ ತೀರ್ಮಾನ. ಮತ ಹಾಕಿದವರಲ್ಲಿ ನಮ್ಮ ದೇಶದವರು ನಾಲ್ವರು. ಅವರಲ್ಲಿ ಹೈದರಾಬಾದಿನ ಆಂಟನಿ ಪೂಲಾ ದಲಿತ ಸಮುದಾಯದಿಂದ ಬಂದ ಮೊದಲ ಕಾರ್ಡಿನಲ್. ನಮ್ಮ ಹಳ್ಳಿ ಕಡೆಯ ಎಷ್ಟೋ ಮನೆಗಳಲ್ಲಿ ಪೋಪ್ ಯಾರಾದರು ಅನ್ನುವುದಕ್ಕಿಂತ ಈ ಸುದ್ದಿಯೇ ದೊಡ್ಡದಾಗಿತ್ತು. ಅದು ಸಹಜ, ನನಗೂ ಹೆಮ್ಮೆ.

ಆಯ್ಕೆ ಆಯಿತು ಅಂತ ಸಾರುವ ಬಿಳಿ ಹೊಗೆ ಬಂದಾಗ ನಮ್ಮಲ್ಲಿ ರಾತ್ರಿ ಒಂಬತ್ತೂವರೆ ದಾಟಿತ್ತು. ಆ ರಾತ್ರಿ ನೆನಪಿದೆ ಅಲ್ವಾ? ಆಪರೇಷನ್ ಸಿಂಧೂರದ ಮಾರನೇ ದಿನ. ಟಿವಿ ಹಾಕಿದರೆ ಗಡಿಯದ್ದೇ ಸುದ್ದಿ. ರೋಮ್ ಸುದ್ದಿಗೆ ಸಿಕ್ಕಿದ್ದು ಕೆಳಗೆ ಓಡುವ ಪಟ್ಟಿ ಮಾತ್ರ. ಎಷ್ಟೋ ಜನಕ್ಕೆ ಬೆಳಗಿನ ಪೂಜೆಯಲ್ಲಿ ನಾನು 'ಲಿಯೋ' ಅಂದಾಗಲೇ ಗೊತ್ತಾಗಿದ್ದು. ಹೊಸ ಪೋಪ್ ಬಾಲ್ಕನಿಯಲ್ಲಿ ಆಡಿದ ಮೊದಲ ಮಾತು, ನಿಮ್ಮೆಲ್ಲರಿಗೂ ಶಾಂತಿ ಇರಲಿ. ಮೇ 11ರ ಭಾನುವಾರದ ಪ್ರಾರ್ಥನೆಯಲ್ಲಿ ಭಾರತ–ಪಾಕಿಸ್ತಾನ ಕದನ ವಿರಾಮ ಕೇಳಿ ಸಂತೋಷವಾಯಿತು ಅಂದರು. ನಮ್ಮಲ್ಲಿ ಒಬ್ಬ ತಾಯಿಯ ಮಗ ಸೇನೆಯಲ್ಲಿದ್ದಾನೆ. "ಅವರು ಯಾರೋ ಏನೋ ಗೊತ್ತಿಲ್ಲ ಫಾದರ್, ನಮ್ಮ ವಿಷಯ ಎತ್ತಿದರಲ್ಲ, ಅಷ್ಟು ಸಾಕು" ಅಂದರು ಆಕೆ. ಪೋಪ್ ಬಗ್ಗೆ ನಾನು ಕೇಳಿದ ಎಷ್ಟೋ ವಿಶ್ಲೇಷಣೆಗಿಂತ ಈ ಮಾತಿಗೆ ತೂಕ ಜಾಸ್ತಿ.

ಆದರೆ ವಿಶ್ಲೇಷಣೆ ನಿಲ್ಲಲಿಲ್ಲ. ಲಿಯೋ ಮೊದಲ ದಿನ ಬಾಲ್ಕನಿಗೆ ಬಂದಾಗ ಭುಜದ ಮೇಲೆ ಪೋಪ್‌ಗಳ ಹಳೇ ಸಂಪ್ರದಾಯದ ಕೆಂಪು ಮೇಲುಡುಗೆ ಇತ್ತು. 2013ರಲ್ಲಿ ಫ್ರಾನ್ಸಿಸ್ ಅದನ್ನು ಹಾಕಿಕೊಂಡಿರಲಿಲ್ಲ. ಅಷ್ಟಕ್ಕೇ ಮೈಸೂರಿನ ನಮ್ಮ ಯುವಕರ ಗುಂಪು ಎರಡಾಯಿತು. ಹಳೆಯ ಲ್ಯಾಟಿನ್ ಪೂಜೆ ವಾಪಸ್ ಬರುತ್ತದೆ ಅಂತ ಕೆಲವರಿಗೆ ಖುಷಿ. ಫ್ರಾನ್ಸಿಸ್ ಮಾಡಿದ್ದೆಲ್ಲ ಮಣ್ಣುಪಾಲು ಅಂತ ಕೆಲವರಿಗೆ ಸಂಕಟ. ಆಮೇಲೆ "ಅಮೆರಿಕದವರಂತೆ, ಯಾವ ಪಕ್ಷ?" ಅನ್ನುವ ಪ್ರಶ್ನೆ. ಹುಟ್ಟಿದ್ದು ಷಿಕಾಗೋದಲ್ಲಿ, 1955ರಲ್ಲಿ, ನಿಜ. ಆದರೆ ಗುರುವಾಗಿ ವರ್ಷಗಟ್ಟಲೆ ದುಡಿದದ್ದು ಪೆರು ದೇಶದಲ್ಲಿ. 2001ರಿಂದ 2013ರವರೆಗೆ ಅಗಸ್ಟಿನಿಯನ್ ಅನ್ನುವ ಸನ್ಯಾಸಿ ಗುರುಗಳ ಸಭೆಯ ಮುಖ್ಯಸ್ಥರು, ಆಗ ನಮ್ಮ ಪಕ್ಕದ ಕೇರಳಕ್ಕೂ ಬಂದು ಹೋಗಿದ್ದಾರೆ. 2015ರಿಂದ 2023ರವರೆಗೆ ಪೆರುವಿನ ಚಿಕ್ಲಾಯೊದಲ್ಲಿ ಧರ್ಮಾಧ್ಯಕ್ಷರು. ಬಾಲ್ಕನಿಯ ಮೊದಲ ಭಾಷಣದಲ್ಲಿ ಇಂಗ್ಲಿಷ್ ಆಡಲಿಲ್ಲ, ಚಿಕ್ಲಾಯೊ ಜನರಿಗೆ ಸ್ಪ್ಯಾನಿಷ್‌ನಲ್ಲಿ ನಮಸ್ಕಾರ ಹೇಳಿದರು.

ಎಡ, ಬಲ ಅನ್ನುವ ಚೀಟಿಗಳನ್ನು ಅಮೆರಿಕದ ಯೂಟ್ಯೂಬ್ ಚಾನೆಲ್‌ಗಳು ಅಂಟಿಸುತ್ತವೆ. ಅವರ ಜಗಳ ಅವರಿಗಿರಲಿ. ನಮ್ಮ ಧರ್ಮಕೇಂದ್ರಗಳ ಜಗಳ ಬೇರೆಯೇ ಇವೆ. ಪೂಜೆ ಕನ್ನಡದಲ್ಲೋ ತಮಿಳಿನಲ್ಲೋ, ಹಬ್ಬದ ಮೆರವಣಿಗೆಯಲ್ಲಿ ತೇರಿನ ಮುಂದೆ ಯಾರು, ಬೇರೆ ಜಾತಿಯ ಹುಡುಗನಿಗೆ ಹುಡುಗಿ ಕೊಡಲು ಯಾಕೆ ಹಿಂದೇಟು. ಇವನ್ನು ಬಿಟ್ಟು ಕೆಂಪು ಬಟ್ಟೆಯ ಬಗ್ಗೆ ಗಂಟೆಗಟ್ಟಲೆ ವಾದ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಇದಕ್ಕಿಂತ ನನ್ನನ್ನು ಕಂಗೆಡಿಸಿದ್ದು ಹೆದರಿಕೆ. ಫ್ರಾನ್ಸಿಸ್ ಅವರೇ ಕೊನೆಯ ಪೋಪ್, ಇನ್ನು ಲೋಕ ಮುಗಿಯಿತು ಅನ್ನುವ ವಾಟ್ಸಾಪ್ ಸಂದೇಶ ನಿಮಗೂ ಬಂದಿರಬೇಕು. ಕೆಲವು ಅಜ್ಜಿಯರು ಜಪಸರ ಹಿಡಿದು ನಿದ್ದೆಗೆಟ್ಟು ಕೂತಿದ್ದರು. ಐರ್ಲೆಂಡಿನ ಧರ್ಮಾಧ್ಯಕ್ಷ ಸಂತ ಮಲಾಕಿ ಬರೆದಿಟ್ಟ ಭವಿಷ್ಯ, ಮುಂದೆ ಬರುವ ಪೋಪ್‌ಗಳ ಪಟ್ಟಿ ಅನ್ನುತ್ತಾರೆ ಅದನ್ನು. ಮಲಾಕಿ ತೀರಿಕೊಂಡದ್ದು 1148ರಲ್ಲಿ. ಆ ಪಟ್ಟಿ ಮೊದಲು ಅಚ್ಚಾದದ್ದು 1595ರಲ್ಲಿ. ನಡುವಿನ ನಾನ್ನೂರಕ್ಕೂ ಹೆಚ್ಚು ವರ್ಷ ಅದರ ಸುಳಿವೇ ಇಲ್ಲ. 1590ರವರೆಗಿನ ಪೋಪ್‌ಗಳ ವಿಷಯ ಚೆನ್ನಾಗಿ ಹೊಂದುತ್ತದೆ, ಆಮೇಲಿನದ್ದು ಯಾರಿಗೆ ಬೇಕಾದರೂ ಹೊಂದಿಸಬಹುದು. ಆ ಹೊತ್ತಿನಲ್ಲಿ ಯಾರೋ ಕೂತು ಬರೆದದ್ದು ಅಂತ ಇತಿಹಾಸ ಬಲ್ಲವರು ಹೇಳುವುದು ಇದಕ್ಕೇ. ಚರ್ಚಿನ ಬೋಧನೆಯಲ್ಲಿ ಅದಕ್ಕೆ ಜಾಗವೇ ಇಲ್ಲ. ಅಜ್ಜಿಯರ ಮುಂದೆ ಕೂತು ಈ ಇಸವಿಗಳನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಲಿಯೋ ಬಂದ ಮೇಲಂತೂ ಆ ಪಟ್ಟಿಯ ಮಾತು ಬಿದ್ದುಹೋಯಿತು.

ಈಗ ಕಾನೂನಿನ ಪ್ರಶ್ನೆ. "ಪೋಪ್ ಹೇಳಿದ್ದನ್ನು ನಾನು ಒಪ್ಪದಿದ್ದರೆ ಪಾಪವಾ ಫಾದರ್?" ಇನ್ಫೋಸಿಸ್‌ನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ಪೋಪ್ ತಪ್ಪೇ ಮಾಡಲ್ಲ ಅನ್ನುವುದು ಚರ್ಚಿನ ಬೋಧನೆಯಲ್ಲ. 1870ರಲ್ಲಿ ಮೊದಲ ವ್ಯಾಟಿಕನ್ ಮಹಾಸಭೆ ಹೇಳಿದ್ದು ತುಂಬಾ ಇಕ್ಕಟ್ಟಾದ ವಿಷಯ. ಇಡೀ ಚರ್ಚಿನ ಗುರುವಾಗಿ, ವಿಶ್ವಾಸ ಇಲ್ಲವೇ ನೀತಿಯ ಸಂಗತಿಯನ್ನು, ಎಲ್ಲರೂ ಒಪ್ಪಲೇಬೇಕು ಅಂತ ಪೋಪ್ ಘೋಷಿಸಿದರೆ ಮಾತ್ರ ಅದು ತಪ್ಪಾಗದು ಅಂತ. ಅಲ್ಲಿಂದ ಇಲ್ಲಿಯವರೆಗೆ ಹಾಗೆ ಘೋಷಿಸಿದ್ದು ಒಂದೇ ಸಲ, 1950ರಲ್ಲಿ, ಮಾತೆ ಮರಿಯಮ್ಮನವರ ಸ್ವರ್ಗಾರೋಹಣದ ಬಗ್ಗೆ. ಉಳಿದ ಬೋಧನೆಗೂ ತೂಕವಿದೆ, ಸುಲಭಕ್ಕೆ ತಳ್ಳಿಹಾಕುವಂತಿಲ್ಲ. ಪೋಪ್ ಇಡೀ ಚರ್ಚಿಗೆ ಬರೆದ ಪತ್ರಕ್ಕೆ ಇರುವ ತೂಕ ಅವರು ವಿಮಾನದಲ್ಲಿ ಪತ್ರಕರ್ತರಿಗೆ ಕೊಟ್ಟ ಉತ್ತರಕ್ಕೆ ಇರುವುದಿಲ್ಲ, ಅಷ್ಟೇ.

ಇನ್ನೊಂದು ವಿಷಯ ನಮ್ಮ ಜನಕ್ಕೆ ಗೊತ್ತೇ ಇಲ್ಲ. 1983ರ ಚರ್ಚಿನ ಕಾನೂನಿನ 212ನೇ ಕಲಮು ಏನು ಹೇಳುತ್ತದೆ ಗೊತ್ತಾ? ಚರ್ಚಿನ ಒಳಿತಿಗೆ ಸಂಬಂಧಿಸಿದ ವಿಷಯದಲ್ಲಿ ತಮ್ಮ ಅಭಿಪ್ರಾಯವನ್ನು ಗುರುಹಿರಿಯರಿಗೆ ತಿಳಿಸುವುದು ಭಕ್ತರ ಹಕ್ಕು, ಕೆಲವೊಮ್ಮೆ ಕರ್ತವ್ಯ ಕೂಡ. ತಿಳಿದು ಮಾತಾಡಬೇಕು, ವಿಶ್ವಾಸಕ್ಕೆ ಧಕ್ಕೆ ಬರಬಾರದು, ಮರ್ಯಾದೆ ಬಿಡಬಾರದು. ಆ ಹುಡುಗಿಗೆ ಈ ಕಲಮನ್ನು ಓದಿ ಹೇಳಿದಾಗ ಆಕೆಯ ಮುಖದಲ್ಲಿ ಕಂಡದ್ದು ನೆಮ್ಮದಿ. ಪೋಪ್ ಪತ್ರ ಪೂರ್ತಿ ಓದಿ, ಆಮೇಲೆ ಒಪ್ಪದ್ದನ್ನು ಬರೆದುಕೊಂಡು ಬಾ, ಕೂತು ಮಾತಾಡೋಣ ಅಂದೆ. ಬಂದಳು.

ಲಿಯೋ ಅನ್ನುವ ಹೆಸರಿನ ಬಗ್ಗೆ ಹೇಳಲೇಬೇಕು. 13ನೇ ಲಿಯೋ 1891ರಲ್ಲಿ ಕೂಲಿಕಾರರ ಹಕ್ಕಿನ ಬಗ್ಗೆ ಪತ್ರ ಬರೆದವರು: ನ್ಯಾಯವಾದ ಕೂಲಿ, ಸಂಘ ಕಟ್ಟುವ ಹಕ್ಕು. ಮುಖ್ಯವಾಗಿ ಅದಕ್ಕಾಗಿ ಈ ಹೆಸರು ತೆಗೆದುಕೊಂಡೆ, ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ದುಡಿಮೆಗೆ ಅಂಥದ್ದೇ ಸವಾಲು ಬಂದಿದೆ ಅಂತ ಈಗಿನ ಪೋಪ್ ಕಾರ್ಡಿನಲ್‌ಗಳಿಗೆ ಹೇಳಿದರು. ನಮಗೆ ಅವರ ನಂಟು ಇನ್ನೂ ಹತ್ತಿರದ್ದು. 1886ರಲ್ಲಿ ಮೈಸೂರನ್ನು ಧರ್ಮಕ್ಷೇತ್ರ, ಅಂದರೆ ಒಬ್ಬ ಧರ್ಮಾಧ್ಯಕ್ಷರ ಆಡಳಿತದ ಪ್ರದೇಶ, ಅಂತ ಮಾಡಿದ್ದು ಅದೇ 13ನೇ ಲಿಯೋ. ಆಗ ಧರ್ಮಾಧ್ಯಕ್ಷರು ಕೂರುತ್ತಿದ್ದದ್ದು ಬೆಂಗಳೂರಿನಲ್ಲಿ. 1940ರಲ್ಲಿ ಎರಡೂ ಬೇರೆಯಾದವು. ಸಂತ ಫಿಲೋಮಿನಾ ಪ್ರಧಾನಾಲಯಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದ್ದು 1933ರಲ್ಲಿ, ಬೇರೆಯಾಗುವ ಮೊದಲೇ.

ಫ್ರಾನ್ಸಿಸ್ ಮಾಡಿದ್ದೆಲ್ಲ ಹೋಯಿತು ಅಂತ ಸಂಕಟಪಟ್ಟವರಿಗೆ ಈಗ ನಾನು ತೋರಿಸುವುದು ಬಡವರ ಮೇಲಿನ ಪ್ರೀತಿಯ ಬಗ್ಗೆ 2025ರ ಅಕ್ಟೋಬರ್‌ನಲ್ಲಿ ಬಂದ ಲಿಯೋ ಅವರ ಪತ್ರವನ್ನು. ಅದನ್ನು ಬರೆಯಲು ಶುರು ಮಾಡಿದ್ದವರು ಫ್ರಾನ್ಸಿಸ್. ಮುಗಿಸಿ ಸಹಿ ಹಾಕಿದವರು ಲಿಯೋ. ಪೋಪ್ ಆಡಿದ ಮಾತು ಅಂತ ಯಾವುದೇ ವಿಡಿಯೋ ಬಂದರೂ ಮೊದಲು ವ್ಯಾಟಿಕನ್ ನ್ಯೂಸ್‌ನಲ್ಲಿ ನೋಡಿ. 2024ರಿಂದ ಅದು ಕನ್ನಡದಲ್ಲೂ ಬರುತ್ತಿದೆ. ನಕಲಿ ವಿಡಿಯೋಗಳು ಈಗ ತುಂಬಾ ಓಡಾಡುತ್ತಿವೆ, ದನಿಯೂ ಅವರದ್ದೇ ಥರ ಇರುತ್ತದೆ. ಬಡವರ ಬಗ್ಗೆ ಬಂದ ಆ ಪತ್ರವನ್ನು ನಮ್ಮಲ್ಲಿ ಭಾನುವಾರ ಎರಡನೇ ಪೂಜೆ ಆದ ಮೇಲೆ ಸ್ವಲ್ಪ ಸ್ವಲ್ಪವೇ ಓದುತ್ತಿದ್ದೇವೆ. ಕೆಂಪು ಬಟ್ಟೆಗೆ ಖುಷಿಪಟ್ಟವರೂ ಬರುತ್ತಾರೆ, ಸಂಕಟಪಟ್ಟವರೂ ಬರುತ್ತಾರೆ.