ಹಾಲು ಸಾಲದು ಅಂದವರ್ಯಾರು?

ಹೆರಿಗೆಯಾದ ಎರಡನೇ ದಿನಕ್ಕೇ ಮನೆ ತುಂಬಾ ಒಂದೇ ಮಾತು: "ಪಾಪ, ಹಾಲು ಸಾಲ್ತಾ ಇಲ್ಲ." ಮಗು ಅತ್ತರೆ ಹಾಲು ಸಾಲದು. ರಾತ್ರಿ ಮೂರು ಸಲ ಎದ್ದರೂ ಹಾಲು ಸಾಲದು. ಎದೆ ಮೆತ್ತಗಿದ್ದರಂತೂ ಕೇಳೋದೇ ಬೇಡ. ಅಳೆದು ನೋಡಿದವರು ಯಾರು? ಯಾರೂ ಇಲ್ಲ. ಸಂಜೆಯೊಳಗೆ ಡಬ್ಬಿ ಪುಡಿ ಮನೆಗೆ ಬಂದಿರುತ್ತದೆ.

ಇಂಥ ಮನೆಗೆ ಬರುವವರು ಲ್ಯಾಕ್ಟೇಷನ್ ಕನ್ಸಲ್ಟೆಂಟ್, ಅಂದರೆ ಎದೆಹಾಲು ಕುಡಿಸೋದನ್ನು ಹೇಳಿಕೊಡುವವರು. ಹಾಲು ಕುಡಿಸೋದಕ್ಕೂ ಒಬ್ಬರು ಹೇಳಿಕೊಡಬೇಕಾ ಅಂತ ಮೂಗು ಮುರಿಯುವವರಿಗೆ ಮೊದಲು ಸ್ಕಾಟ್ಲೆಂಡಿನ ಮೇಕೆಗಳ ಕತೆ ಹೇಳಬೇಕು.

ಮೇಕೆಯ ಕೆಚ್ಚಲಲ್ಲಿ ಎರಡು ಭಾಗ. 1980ರ ದಶಕದಲ್ಲಿ ಏರ್ ಪಟ್ಟಣದ ಹನ್ನಾ ಸಂಶೋಧನಾ ಸಂಸ್ಥೆಯವರು ಒಂದು ಭಾಗವನ್ನು ದಿನಕ್ಕೆ ಎರಡು ಸಲ, ಇನ್ನೊಂದನ್ನು ಮೂರು ಸಲ ಕರೆದರು. ಮೂರು ಸಲ ಕರೆದ ಕಡೆ ಮಾತ್ರ ಹಾಲು ಹೆಚ್ಚಿತು. ಎರಡಕ್ಕೂ ಹರಿಯೋದು ಒಂದೇ ರಕ್ತ, ಅದೇ ಹಾರ್ಮೋನು, ಅದೇ ಮೇವಿನ ಸಾರ. ಮತ್ತೆ ವ್ಯತ್ಯಾಸ ಎಲ್ಲಿಂದ ಬಂತು? ಕೆಚ್ಚಲು ಬಿಗಿದ ಒತ್ತಡ ಕಡಿಮೆಯಾಯಿತೇ? ಅದನ್ನೂ ನೋಡಿದರು. ಹಾಲು ಕರೆದು, ಅಷ್ಟೇ ಸಕ್ಕರೆ ದ್ರಾವಣವನ್ನು ಒಳಗೆ ತುಂಬಿಸಿದರು. ಒತ್ತಡ ಹಾಗೇ ಉಳಿಯಿತು, ಆದರೂ ಹಾಲು ಹೆಚ್ಚಿತು! ಅಂದರೆ ಒಳಗೇ ಉಳಿದ ಹಾಲಿನಲ್ಲಿರುವ ಏನೋ ಒಂದು, ಹಾಲು ಮಾಡುವ ಕೋಶಗಳಿಗೆ "ಸಾಕು, ನಿಧಾನ" ಅನ್ನುತ್ತದೆ. ಅದು ಯಾವ ವಸ್ತು ಅನ್ನೋದರ ಚರ್ಚೆ ಇನ್ನೂ ಮುಗಿದಿಲ್ಲ. ಸೆರೊಟೋನಿನ್ ಅನ್ನುವ ರಾಸಾಯನಿಕದ ಹೆಸರೂ ಕೇಳಿಬರುತ್ತದೆ.

ಮನುಷ್ಯರಲ್ಲೂ ಹೀಗೇನಾ? ಹಾಂಗ್‌ಕಾಂಗ್‌ನ ಮೀನುಗಾರ ಸಮುದಾಯದ ಹೆಂಗಸರಲ್ಲಿ ಬಲಗಡೆಯಿಂದ ಮಾತ್ರ ಹಾಲು ಕುಡಿಸುವ ರೂಢಿಯಿತ್ತು. ಒಂದೇ ಕಡೆಯ ಹಾಲಿನಲ್ಲಿ ಮಕ್ಕಳು ಬೆಳೆದವು. ಕುಡಿಸದ ಕಡೆ ಹಾಲು ತಾನಾಗಿ ನಿಲ್ಲುತ್ತದೆ.

ದರ್ಶಿನಿಯಲ್ಲಿ ಇಡ್ಲಿ ಖರ್ಚಾದಷ್ಟೂ ಮುಂದಿನ ತಟ್ಟೆ ಹಬೆಗೆ ಏರುತ್ತದೆ. ಮಾಡಿದ್ದು ಹಾಗೇ ಉಳಿದರೆ ಭಟ್ಟರು ಕೈ ಕಟ್ಟಿ ಕೂರುತ್ತಾರೆ. ಎದೆಯ ಲೆಕ್ಕವೂ ಇಷ್ಟೇ. ಈಗ ಆ ಡಬ್ಬಿ ಪುಡಿಯ ವಿಷಯಕ್ಕೆ ಬನ್ನಿ. ಬಾಟಲಿ ಕುಡಿದ ಮಗು ಹೊಟ್ಟೆ ತುಂಬಿ ಮಲಗುತ್ತದೆ. ಎದೆಯ ಹಾಲು ಅಲ್ಲೇ ಉಳಿಯುತ್ತದೆ. ಮರುದಿನ ನಿಜಕ್ಕೂ ಕಡಿಮೆಯಾಗುತ್ತದೆ. "ನಾನು ಹೇಳಲಿಲ್ವಾ?" ಅನ್ನೋಕೆ ಜನ ರೆಡಿ. ಬಾಣಂತಿ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಅಂಟಿನುಂಡೆ ಎಲ್ಲ ತಿನ್ನಲಿ, ಬೇಡ ಅನ್ನಲ್ಲ. ಹಾಲು ಹೊರಗೇ ಹೋಗದಿದ್ದರೆ ಸಬ್ಬಸಿಗೆ ಏನು ಮಾಡೀತು?

ಮೊದಲ ಎರಡು ಮೂರು ದಿನದ ಲೆಕ್ಕ ಮಾತ್ರ ಬೇರೆ. ಮಾಸು ಬಿದ್ದ ಮೇಲೆ ಬಸಿರಿನ ಹಾರ್ಮೋನು ಪ್ರೊಜೆಸ್ಟರಾನ್ ಇಳಿಯಬೇಕು, ಆಮೇಲೆ ಹಾಲು ಧಾರಾಳವಾಗಿ ಬರುತ್ತದೆ. ಅಲ್ಲಿಯವರೆಗೆ ಬರೋದು ಹಳದಿ ಬಣ್ಣದ, ಗಟ್ಟಿಯಾದ ಮೊದಲ ಹಾಲು. ಚಮಚದ ಲೆಕ್ಕದಲ್ಲಿ ಬಂದರೂ ರೋಗ ತಡೆಯುವ ಅಂಶ ಅದರಲ್ಲೇ ಜಾಸ್ತಿ. ಅದನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿ, ಮಗುವಿನ ನಾಲಿಗೆಗೆ ಜೇನು ನೆಕ್ಕಿಸುವವರನ್ನು ಕಂಡರೆ ಸಿಟ್ಟು ಬರುತ್ತದೆ. ಜೇನಿನಿಂದ ಹಸುಗೂಸಿಗೆ ಬಾಟುಲಿಸಂ ಅನ್ನುವ ಅಪಾಯದ ಕಾಯಿಲೆ ಬರಬಹುದು. ಒಂದು ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ.

ಕನ್ಸಲ್ಟೆಂಟ್ ಬಂದವರು ಔಷಧಿ ಬರೆಯುವುದಿಲ್ಲ. ಪಕ್ಕದಲ್ಲಿ ಕೂತು, ಮಗು ಕುಡಿಯೋದನ್ನು ಮೊದಲಿನಿಂದ ಕೊನೆಯವರೆಗೂ ನೋಡುತ್ತಾರೆ. ಬಾಯಿ ದೊಡ್ಡದಾಗಿ ತೆರೆದಿದೆಯಾ? ಬರೀ ತೊಟ್ಟನ್ನು ಕಚ್ಚಿದೆಯಾ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಇದೆಯಾ? ಗುಟುಕು ನುಂಗುವ ಸದ್ದು ಕೇಳುತ್ತಿದೆಯಾ? ಎಷ್ಟೋ ಸಲ ಮಗುವಿನ ಹೊಟ್ಟೆಯನ್ನು ಅಮ್ಮನ ಹೊಟ್ಟೆಗೆ ತಾಗಿಸಿ, ಗದ್ದವನ್ನು ಎದೆಗೆ ಒತ್ತಿದಷ್ಟಕ್ಕೇ ಅಮ್ಮನ ತೊಟ್ಟಿನ ನೋವು ಇಳಿಯುತ್ತದೆ. ಅನುಮಾನ ಉಳಿದರೆ, ಕುಡಿಸುವ ಮುಂಚೆ ಮತ್ತು ಆಮೇಲೆ ಅದೇ ಬಟ್ಟೆಯಲ್ಲಿ ಮಗುವನ್ನು ಸೂಕ್ಷ್ಮ ತಕ್ಕಡಿಯಲ್ಲಿ ತೂಗುತ್ತಾರೆ. 40 ಗ್ರಾಂ ಏರಿದರೆ ಸುಮಾರು 40 ಎಂಎಲ್ ಒಳಗೆ ಹೋಯಿತು ಅಂತ. ಮನೆಯವರಿಗೆ ತಕ್ಕಡಿ ಬೇಕಿಲ್ಲ. ವಾರ ತುಂಬುವ ಹೊತ್ತಿಗೆ ದಿನಕ್ಕೆ ಆರಾದರೂ ಬಟ್ಟೆ ಒದ್ದೆಯಾಗಬೇಕು, ಮೊದಲ ದಿನಗಳಲ್ಲಿ ಇಳಿದ ತೂಕ ಎರಡು ವಾರದೊಳಗೆ ವಾಪಸ್ ಬರಬೇಕು.

ಈ ಕೆಲಸ ಹುಟ್ಟಿದ್ದು ಆಸ್ಪತ್ರೆಯಲ್ಲಿ ಅಲ್ಲ. 1956ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಬಾಟಲಿಯೇ ಆಧುನಿಕ ಅನ್ನುವ ಕಾಲದಲ್ಲಿ, ಏಳು ಜನ ತಾಯಂದಿರು ಸೇರಿ ಲಾ ಲೇಚೆ ಲೀಗ್ ಅನ್ನುವ ಸಂಘ ಕಟ್ಟಿದರು. ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದ ಆ ತಿಳಿವಳಿಕೆ 1985ರಲ್ಲಿ ಅಂತರರಾಷ್ಟ್ರೀಯ ಪರೀಕ್ಷೆಯಾಯಿತು. ಐಬಿಸಿಎಲ್‌ಸಿ, ಅಂದರೆ ಅಂತರರಾಷ್ಟ್ರೀಯ ಮಂಡಳಿ ಪ್ರಮಾಣಿಸಿದ ಲ್ಯಾಕ್ಟೇಷನ್ ಕನ್ಸಲ್ಟೆಂಟ್, ಅನ್ನುವ ಅರ್ಹತೆ ಅದರದೇ. ನರ್ಸು, ವೈದ್ಯರಷ್ಟೇ ಅಲ್ಲ, ತಾಯಂದಿರ ಗುಂಪಿನಲ್ಲಿ ಪಳಗಿದವರೂ ಆರೋಗ್ಯ ವಿಜ್ಞಾನದ ಪಾಠಗಳನ್ನು ಓದಿ ಇದನ್ನು ಬರೆಯಬಹುದು. ಅವರಿಗೆ ಪರೀಕ್ಷೆಗೆ ಮುಂಚೆ 1,000 ಗಂಟೆ ತಾಯಂದಿರ ಜೊತೆ ಕೆಲಸ ಮಾಡಿದ ಅನುಭವ ಬೇಕು. ಭಾರತದಲ್ಲಿ 1992ರ ಕಾನೂನು ಡಬ್ಬಿ ಹಾಲಿನ ಜಾಹೀರಾತಿಗೆ ತಡೆ ಹಾಕಿದೆ. ನೆಂಟರ ಬಾಯಿಗೆ ಯಾವ ಕಾನೂನೂ ಇಲ್ಲ ಬಿಡಿ.

ನಿಜವಾಗಿಯೇ ಹಾಲು ಕಡಿಮೆ ಇರುವವರೂ ಇದ್ದಾರೆ. ಥೈರಾಯ್ಡ್ ತೊಂದರೆ, ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವ, ಹಿಂದೆ ಆದ ಸ್ತನದ ಆಪರೇಷನ್, ಇವೆಲ್ಲ ಕಾರಣ ಆಗಬಹುದು. ಅಂಥವರಿಗೆ "ಇನ್ನೂ ಪ್ರಯತ್ನ ಮಾಡಮ್ಮ" ಅಂತ ಸುಮ್ನೆ ಹೇಳುವುದು ಕ್ರೌರ್ಯ. ಆಗ ಕನ್ಸಲ್ಟೆಂಟ್ ಅವರನ್ನು ವೈದ್ಯರ ಹತ್ತಿರ ಕಳಿಸುತ್ತಾರೆ, ಮೇಲುಹಾಲು ಕೊಡಿ ಅಂತ ತಾವೇ ಹೇಳುತ್ತಾರೆ. ಎಷ್ಟೋ ಸಲ ಅದನ್ನು ಕೊಡಿಸುವುದೂ ಎದೆಯ ಹತ್ತಿರವೇ. ಸಣ್ಣ ಟ್ಯೂಬಿನ ಒಂದು ತುದಿ ಬಟ್ಟಲಿನಲ್ಲಿ, ಇನ್ನೊಂದು ತೊಟ್ಟಿನ ಪಕ್ಕ. ಮಗು ಎದೆಯನ್ನು ಚೀಪುತ್ತಲೇ ಬಟ್ಟಲಿನ ಹಾಲನ್ನೂ ಕುಡಿಯುತ್ತದೆ, ಇದ್ದಷ್ಟು ಎದೆಹಾಲೂ ಖಾಲಿಯಾಗುತ್ತದೆ.